ಬೆಳವಣಿಗೆ ನಿಧಾನವಿರುವ ಮಗುವಿಗೆ ಕಕ್ಕಸದ ಅಭ್ಯಾಸ ಮಾಡಿಸುವುದು ಹೇಗೆ?

"ಅವನಿಗೆ ಬಂದಿದ್ದು ಗೊತ್ತೇ ಆಗಲ್ಲ ಮೇಡಂ. ಮೊದಲು ಹೇಳೋದು ಕಲೀಲಿ, ಆಮೇಲೆ ಕಕ್ಕಸಕ್ಕೆ ಕೂರಿಸೋಣ ಅಂತಿದ್ದೀವಿ."

ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ಕೊರತೆ ಇರುವ ಮಕ್ಕಳ ಮನೆಗಳಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತಿದು. ದಾವಣಗೆರೆಯ ನಿಟುವಳ್ಳಿಯಲ್ಲೂ ಇದೇ, ಚಳ್ಳಕೆರೆ ಪಕ್ಕದ ಹಳ್ಳಿಯಲ್ಲೂ ಇದೇ. ಹೀಗೆ ಕಾಯುತ್ತಾ ಮಗುವಿಗೆ ಏಳೆಂಟು ವರ್ಷವಾಗುತ್ತದೆ. ಎತ್ತಿ ತೊಳೆಯಲು ಅಮ್ಮನ ಸೊಂಟ ಕೇಳುವುದಿಲ್ಲ. ಶಾಲೆಯವರು ಡೈಪರ್ ಬಿಡಿಸಿ ಕಳಿಸಿ ಅನ್ನುತ್ತಾರೆ. ಮದುವೆ ಮುಂಜಿಗೆ ಹೋಗುವುದೇ ನಿಂತುಹೋಗುತ್ತದೆ.

ಮಗು ಹೇಳಲಿ ಅಂತ ಕಾಯಬೇಡಿ. ಒಂದು ಮಾತೂ ಆಡದ ಮಗುವೂ ದಿನವಿಡೀ ಒಣ ಚಡ್ಡಿಯಲ್ಲಿ ಇರಬಲ್ಲದು. ಅದರ ಹೊಟ್ಟೆಗೆ, ಮೂತ್ರಕೋಶಕ್ಕೆ ಅದರದ್ದೇ ಹೊತ್ತು ಇರುತ್ತದೆ. ಆ ಹೊತ್ತನ್ನು ಮೊದಲು ನಾವು ಹಿಡಿಯಬೇಕು. ಹೇಳುವುದು ಆಮೇಲೆ ಬರುತ್ತದೆ. ಕೆಲವು ಮಕ್ಕಳಲ್ಲಿ ಅದು ಬಾರದೆಯೂ ಇರಬಹುದು. ಹೊತ್ತಿಗೆ ಸರಿಯಾಗಿ ಕರೆದೊಯ್ದರೆ ಹೋಗಿ ಬರುವ ಮಗುವೂ ಕಲಿತ ಮಗುವೇ.

ಯಾವಾಗ ಶುರು ಮಾಡಬೇಕು

ಬೇರೆ ಮಕ್ಕಳು ಸಾಮಾನ್ಯವಾಗಿ 2ರಿಂದ 3 ವರ್ಷದೊಳಗೆ ಕಲಿಯಲು ಶುರು ಮಾಡುತ್ತಾರೆ. ನಮ್ಮ ಮಕ್ಕಳು 4, 5, 6ಕ್ಕೆ ಶುರು ಮಾಡಬಹುದು. ಕಲಿಯಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕಿಂತ ಜಾಸ್ತಿಯೂ ಬೇಕಾಗುತ್ತದೆ. ಒಂದು ಗಂಟೆಯಾದರೂ ಚಡ್ಡಿ ಒಣಗಿರುತ್ತದಾ? ಆಸರೆ ಕೊಟ್ಟರೆ ಒಂದು ನಿಮಿಷ ಕೂರುತ್ತದಾ? ಇವೆರಡೂ ಇದ್ದರೆ ಶುರು ಮಾಡಬಹುದು. ಎರಡಕ್ಕೆ ಬಂದಾಗ ಪರದೆ ಹಿಂದೆ ಹೋಗಿ ನಿಲ್ಲುವುದು, ಆಟ ನಿಲ್ಲಿಸಿ ಮುಖ ಕೆಂಪಗೆ ಮಾಡುವುದು ಕಂಡರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಮದುವೆ, ಬಾಣಂತನ, ಮನೆ ಬದಲಾವಣೆ ಇರುವಾಗ ಬೇಡ. ಕನಿಷ್ಠ ಎರಡು ವಾರ ಯಾರಾದರೂ ಒಬ್ಬರು ಪೂರ್ತಿ ಮನೆಯಲ್ಲಿರುವ ಸಮಯ ನೋಡಿ. ನನ್ನ ಪ್ರಕಾರ ನಮ್ಮ ಕಡೆಗೆ ಬೇಸಿಗೆ ರಜೆಯೇ ಸರಿ. ಮಗು ಬರೀ ಚಡ್ಡಿಯಲ್ಲಿ ಇರಬಹುದು, ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ನೀರು ದಿನ ಬಿಟ್ಟು ದಿನ ಬರುವ ಬೀದಿಯಾದರೆ ಒಂದು ಡ್ರಮ್ ನೀರನ್ನು ಇದಕ್ಕಂತಲೇ ತೆಗೆದಿಡಿ. ನೀರಿನ ಚಿಂತೆ ಇದ್ದರೆ ಅಮ್ಮನಿಗೆ ಸಿಟ್ಟು ಬೇಗ ಬರುತ್ತದೆ.

ಮೊದಲು ಹೊಟ್ಟೆ

ಕೂರಿಸುವುದಕ್ಕಿಂತ ಮುಂಚೆ ಮಲಬದ್ಧತೆ ಇದೆಯಾ ನೋಡಿ. ಹೆಚ್ಚಿನ ಮನೆಗಳಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ. ಈ ಮಕ್ಕಳಲ್ಲಿ ಮಲಬದ್ಧತೆ ತುಂಬಾ ಸಾಮಾನ್ಯ. ಓಡಾಟ ಕಡಿಮೆ, ಸ್ನಾಯುಗಳು ಸಡಿಲ ಅಥವಾ ಬಿಗಿ, ತಿನ್ನುವುದು ಎರಡೇ ಬಗೆ, ಕುಡಿಯುವ ನೀರು ಕಡಿಮೆ. ಫಿಟ್ಸ್‌ಗೆ, ಹಟ ಕಡಿಮೆ ಮಾಡಲು ಕೊಡುವ ಕೆಲವು ಮಾತ್ರೆಗಳಿಂದಲೂ ಹೊಟ್ಟೆ ಕಟ್ಟುತ್ತದೆ ಅಥವಾ ಉಚ್ಚೆ ತಡೆಯಲು ಆಗುವುದಿಲ್ಲ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ವಾರಕ್ಕೆ 3 ಸಲಕ್ಕಿಂತ ಕಡಿಮೆ ಹೋಗುವುದು, ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ, ಹೋಗುವಾಗ ಅಳು, ರಕ್ತದ ಗೆರೆ, ಹೊಟ್ಟೆ ಉಬ್ಬರ ಇವೆಲ್ಲ ಮಲಬದ್ಧತೆಯ ಗುರುತು. ಮಗು ತುದಿಗಾಲಲ್ಲಿ ನಿಂತು, ಕಾಲು ಕತ್ತರಿ ಹಾಕಿ, ಮೈ ಸೆಟೆದುಕೊಂಡರೆ ತಿಣುಕುತ್ತಿದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ತಡೆಹಿಡಿಯುತ್ತಿರುತ್ತದೆ. ಹಿಂದೊಮ್ಮೆ ನೋವಾಗಿದೆ, ಅದಕ್ಕೇ ಭಯ.

ಇನ್ನೊಂದು ಗುರುತು ತಾಯಂದಿರನ್ನು ದಾರಿ ತಪ್ಪಿಸುತ್ತದೆ. ಚಡ್ಡಿಗೆ ದಿನಾ ಸ್ವಲ್ಪ ಸ್ವಲ್ಪ ತೆಳ್ಳಗೆ ಮೆತ್ತಿಕೊಂಡಿರುತ್ತದೆ. ಭೇದಿ ಅಂದುಕೊಂಡು ಹಣ್ಣು, ಸೊಪ್ಪು ನಿಲ್ಲಿಸಿಬಿಡುತ್ತಾರೆ. ನಿಜವಾಗಿ ಕರುಳಿನ ತುದಿಯಲ್ಲಿ ಗಟ್ಟಿ ಮಲ ಕೂತಿರುತ್ತದೆ, ಅದರ ಪಕ್ಕದಿಂದ ನೀರಾದದ್ದು ಸೋರುತ್ತಿರುತ್ತದೆ. ಕರುಳು ಹಿಗ್ಗಿ ಹಿಗ್ಗಿ, ಬಂದಿದೆ ಅನ್ನುವುದೇ ಮಗುವಿಗೆ ಗೊತ್ತಾಗುವುದಿಲ್ಲ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಉಚ್ಚೆಯೂ ಆಗಾಗ ಸೋರುತ್ತದೆ. ಇಂಥ ಮಗುವನ್ನು ಎಷ್ಟು ಹೊತ್ತು ಕೂರಿಸಿದರೂ ಅದು ಕಲಿಯುವುದಿಲ್ಲ, ಹೊಡೆತ ಮಾತ್ರ ತಿನ್ನುತ್ತದೆ.

ಮಕ್ಕಳ ಡಾಕ್ಟರಿಗೆ ತೋರಿಸಿ. ಮಲ ಮೆತ್ತಗಾಗಲು ಲ್ಯಾಕ್ಟುಲೋಸ್ ಸಿರಪ್ಪನ್ನೋ ಪಾಲಿಎಥಿಲಿನ್ ಗ್ಲೈಕಾಲ್ ಪುಡಿಯನ್ನೋ ಬರೆದುಕೊಡಬಹುದು. ಅವರು ಹೇಳಿದಷ್ಟು ಕಾಲ ಕೊಡಿ. ಒಮ್ಮೆ ಹೊಟ್ಟೆ ಖಾಲಿಯಾಯಿತು ಅಂತ ನಿಲ್ಲಿಸಿದರೆ ಮತ್ತೆ ಕಟ್ಟುತ್ತದೆ. ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಳೇ ಬೇಕು. ಸೋಪಿನ ಚೂರು, ವೀಳ್ಯದೆಲೆ ತೊಟ್ಟು ತೂರಿಸುವುದು ದಯವಿಟ್ಟು ಬೇಡ. ಆ ನೋವು ಮಗುವಿನ ನೆನಪಿನಲ್ಲಿ ಕಕ್ಕಸದ ಜೊತೆಗೇ ಉಳಿದುಬಿಡುತ್ತದೆ.

ಊಟದಲ್ಲಿ ಪರಂಗಿ, ಬಾಳೆಹಣ್ಣು, ಸೊಪ್ಪಿನ ಸಾರು, ಮೊಳಕೆ ಕಾಳು, ಮುದ್ದೆ ಇವೆಲ್ಲ ಒಳ್ಳೆಯದು. ಬರೀ ಹಾಲು, ಬಿಸ್ಕತ್ತು, ಮಂಡಕ್ಕಿ ಮಾತ್ರ ಮುಟ್ಟುವ ಮಗುವಾದರೆ ಒಂದೇ ದಿನ ಬದಲಿಸಲು ಹೋಗಬೇಡಿ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲಿದ್ದರೆ ಅದನ್ನು ಮೊದಲು ಇಳಿಸಿ, ಹಸಿವು ತಾನೇ ಬರುತ್ತದೆ. 4ರಿಂದ 8 ವರ್ಷದ ಮಗುವಿಗೆ ಕುಡಿಯುವುದೆಲ್ಲ ಸೇರಿ ದಿನಕ್ಕೆ ಸುಮಾರು 1ರಿಂದ 1.4 ಲೀಟರ್ ಬೇಕು, ಚಿತ್ರದುರ್ಗದ ಬಿಸಿಲಿಗೆ ಇನ್ನೂ ಸ್ವಲ್ಪ ಜಾಸ್ತಿ. ಒಂದೇ ಸಲಕ್ಕೆ ಕುಡಿಸದೆ ಆರೇಳು ಸಲಕ್ಕೆ ಹಂಚಿ. ಒದ್ದೆ ಮಾಡಿಕೊಳ್ಳುತ್ತದೆ ಅಂತ ನೀರು ಕಡಿಮೆ ಮಾಡಿದರೆ ಮಲವೂ ಗಟ್ಟಿಯಾಗುತ್ತದೆ, ಉಚ್ಚೆಯೂ ಉರಿಯುತ್ತದೆ. ನುಂಗುವಾಗ ಕೆಮ್ಮುವ, ನೆತ್ತಿಗೇರುವ ಮಗುವಾದರೆ ನೀರು ಕುಡಿಸುವ ರೀತಿಯನ್ನು ಥೆರಪಿಸ್ಟ್ ಹತ್ತಿರ ಕೇಳಿಕೊಳ್ಳಿ.

ಸ್ಪೈನಾ ಬೈಫಿಡಾ, ಅಂದರೆ ಹುಟ್ಟುತ್ತಲೇ ಬೆನ್ನುಹುರಿಯ ತೊಂದರೆ ಇರುವ ಮಕ್ಕಳಿಗೆ ಇಲ್ಲಿ ಬರೆದಿರುವ ದಾರಿ ಸಾಲದು. ಅವರ ಮೂತ್ರಕೋಶದ ನರವೇ ಸರಿಯಾಗಿ ಕೆಲಸ ಮಾಡದೆ ಇರಬಹುದು. ಹೊತ್ತು ಹೊತ್ತಿಗೆ ನಳಿಕೆ ಹಾಕಿ ಖಾಲಿ ಮಾಡುವುದನ್ನು ಡಾಕ್ಟರ್ ಹೇಳಿಕೊಡುತ್ತಾರೆ.

ಆಮೇಲೆ ಕೂರುವ ಜಾಗ

ಹಿರಿಯೂರು ಕಡೆಯ ಒಂದು ಮನೆ. ಕಕ್ಕಸ ಹಿತ್ತಿಲಿನಲ್ಲಿ. ಮೇಲೆ ತಗಡು, ಒಂದು ಮಂದ ಬಲ್ಬು, ನೆಲದ ಕಡಪ ಕಲ್ಲು ಸದಾ ಒದ್ದೆ. ಡೌನ್ ಸಿಂಡ್ರೋಮ್ ಇರುವ ಹುಡುಗಿ, ಕಾಲಿನ ಗಂಟುಗಳು ಸಡಿಲ. ಕುಕ್ಕರಗಾಲಲ್ಲಿ ಕೂರಿಸಿದರೆ ಎರಡೂ ಕೈಯಲ್ಲಿ ಅಮ್ಮನ ಸೆರಗು ಹಿಡಿದು ಜೋತು ಬೀಳುತ್ತಿದ್ದಳು. ಬೀಳಬಾರದು ಅನ್ನುವುದರಲ್ಲೇ ಅವಳ ಮೈಯೆಲ್ಲ ಬಿಗಿ. ಹಾಗೆ ಬಿಗಿ ಹಿಡಿದರೆ ಕೆಳಗಿನ ಸ್ನಾಯು ಸಡಿಲವಾಗುವುದಿಲ್ಲ. ಹೊರಗೆ ಬಂದ ಐದು ನಿಮಿಷಕ್ಕೆ ಲಂಗದಲ್ಲೇ ಆಗುತ್ತಿತ್ತು. "ಬೇಕಂತಲೇ ಮಾಡ್ತಾಳೆ" ಅಂತ ಅಜ್ಜಿಯ ದೂರು.

ಹುಡುಗಿಯ ಅಪ್ಪ ಬಡಗಿಯ ಹತ್ತಿರ ನಡುವೆ ತೂತಿರುವ ಮರದ ಕುರ್ಚಿ ಮಾಡಿಸಿ ಗುಂಡಿಯ ಮೇಲೆ ಇಟ್ಟರು. ಎರಡೂ ಕಡೆ ಕೈ, ಕಾಲಿಗೊಂದು ಮಣೆ. ಹಿಡಿದುಕೊಳ್ಳಲು ಗೋಡೆಗೆ ಒಂದು ಜಿಐ ಪೈಪು. ಬಲ್ಬು ಬದಲಾಯಿಸಿದರು. ಕೂತಾಗ ಅವಳ ಕೈ ಸೆರಗು ಬಿಟ್ಟಿತು. ಕಲಿಕೆ ಅಲ್ಲಿಂದ ಶುರುವಾಯಿತು.

ನೀವೂ ಮೊದಲು ನೋಡಬೇಕಾದ್ದು ಪಾದ. ಎರಡೂ ಪಾದ ಗಟ್ಟಿಯಾಗಿ ಊರಿರಬೇಕು. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿದ್ದು, ಮೈ ಕೊಂಚ ಮುಂದೆ ಬಾಗಿದ್ದರೆ ಎರಡಕ್ಕೆ ಸಲೀಸು. ಕಮೋಡ್ ಇರುವ ಮನೆಯಲ್ಲಿ ಮಕ್ಕಳ ಸೀಟು ಹಾಕಿ, ಕೆಳಗೆ ಸ್ಟೂಲ್ ಇಡಿ. ಗಂಡು ಮಗುವಿಗೂ ಮೊದಲು ಕೂತೇ ಕಲಿಸಿ, ಒಂದಕ್ಕೆ ಹೋದಾಗ ಎರಡೂ ಆಗಿಬಿಡುತ್ತದೆ. ನಿಲ್ಲುವುದು ಆಮೇಲೆ. ಸೆರೆಬ್ರಲ್ ಪಾಲ್ಸಿ ಇದ್ದರೆ ಬೆನ್ನಿಗೆ, ಎದೆಗೆ ಆಸರೆ ಎಷ್ಟು ಬೇಕು ಅಂತ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಕಲಿಸುವ ತಜ್ಞರು, ನೋಡಿ ಹೇಳಬೇಕು.

ಆಟಿಸಂ ಇರುವ ಮಗುವಿನ ಕಷ್ಟವೇ ಬೇರೆ. ಫ್ಲಶ್ ಸದ್ದು, ಫಿನಾಯಿಲ್ ವಾಸನೆ, ತಣ್ಣೀರು ತಾಗಿದಾಗಿನ ಬೆಚ್ಚು, ಬಾಗಿಲು ಹಾಕಿದಾಗ ಗವ್ ಅನ್ನುವುದು. ನಮಗೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಮಗು ಹೊರಬಂದ ಮೇಲೆ ಫ್ಲಶ್ ಮಾಡಿ, ಉಗುರು ಬೆಚ್ಚಗಿನ ನೀರು ಬಳಸಿ, ಬಾಗಿಲು ಅರ್ಧ ತೆರೆದಿಡಿ. ಒಳಗೆ ಬರಲೇ ಹೆದರಿದರೆ ಹೊಸ್ತಿಲಲ್ಲಿ ನಿಂತು ಇಷ್ಟದ ಹಾಡು ಹೇಳುವುದರಿಂದ ಶುರು ಮಾಡಿ. ದಿನಾ ಒಂದು ಹೆಜ್ಜೆ ಒಳಗೆ ಸಾಕು.

ಹೊತ್ತು ಹಿಡಿಯುವುದು

ಹಳೇ ಕ್ಯಾಲೆಂಡರಿನ ಹಿಂಬದಿ ತೆಗೆದುಕೊಳ್ಳಿ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅರ್ಧ ಗಂಟೆಗೊಂದು ಗೆರೆ. ನಾಲ್ಕೈದು ದಿನ ಏನೂ ಕಲಿಸಬೇಡಿ. ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿ, ಒಣ, ಒದ್ದೆ, ಎರಡು ಅಂತ ಗುರುತು ಹಾಕಿ. ತಿಂದದ್ದು, ಕುಡಿದದ್ದು ಪಕ್ಕದಲ್ಲಿ ಬರೆಯಿರಿ. ಡೈಪರ್‌ನಲ್ಲಿ ಒದ್ದೆ ಗೊತ್ತಾಗುವುದಿಲ್ಲ, ಒಳಗೆ ಒಂದು ತುಂಡು ಹತ್ತಿ ಬಟ್ಟೆ ಇಡಿ.

ನಾಲ್ಕು ದಿನದಲ್ಲಿ ಒಂದು ಲೆಕ್ಕ ಕಾಣುತ್ತದೆ. ಬೆಳಗಿನ ಹಾಲಾದ 40 ನಿಮಿಷಕ್ಕೆ ಒದ್ದೆ, ಆಮೇಲೆ ಒಂದೂವರೆ ಗಂಟೆಗೊಮ್ಮೆ, ರಾತ್ರಿ ಊಟವಾದ ಸ್ವಲ್ಪ ಹೊತ್ತಿಗೆ ಎರಡಕ್ಕೆ, ಹೀಗೆ. ಆ ಹೊತ್ತಿಗೆ 10–15 ನಿಮಿಷ ಮುಂಚೆ ಕರೆದೊಯ್ಯಿರಿ. ಯಾವ ಲೆಕ್ಕವೂ ಕಾಣದಿದ್ದರೆ ಎದ್ದ ಕೂಡಲೇ, ಪ್ರತಿ ಊಟ ತಿಂಡಿಯಾದ 15–30 ನಿಮಿಷಕ್ಕೆ, ಮಲಗುವ ಮುಂಚೆ ಕೂರಿಸಿ. ಹೊಟ್ಟೆಗೆ ಬಿದ್ದ ಕೂಡಲೇ ಕರುಳು ಅಲುಗಾಡಲು ಶುರುವಾಗುತ್ತದೆ, ಎರಡಕ್ಕೆ ಒಳ್ಳೆಯ ಸಮಯ ಅದೇ.

ಗಡಿಯಾರ ನೋಡಿ ಕೂರಿಸುವ ಈ ಪದ್ಧತಿ ಹೊಸದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ 1971ರಲ್ಲೇ, ಆಶ್ರಯ ಸಂಸ್ಥೆಯಲ್ಲಿದ್ದ ತೀವ್ರ ಬುದ್ಧಿಮಾಂದ್ಯದ ದೊಡ್ಡವರಿಗೂ ಹೀಗೆ ಕಲಿಸಬಹುದು ಅಂತ ತೋರಿಸಿದರು. ಅದರಲ್ಲಿ ವಿಪರೀತ ನೀರು ಕುಡಿಸುವುದು, ತಪ್ಪಾದರೆ ಶಿಕ್ಷೆಯಂತೆ ಅವರಿಂದಲೇ ನೆಲ ಒರೆಸಿಸುವುದೂ ಇತ್ತು. ಅವೆರಡೂ ನಮಗೆ ಬೇಡ. ಹೊತ್ತು ಮತ್ತು ಮೆಚ್ಚುಗೆ ಇವೆರಡನ್ನು ತೆಗೆದುಕೊಂಡರೆ ಸಾಕು.

ಕೂರಿಸುವುದು

ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಿ. ಅಮ್ಮ "ಸುಸು", ಅಜ್ಜಿ "ಒಂದಕ್ಕೆ", ಅಣ್ಣ "ಟಾಯ್ಲೆಟ್" ಅಂದರೆ ಮಗುವಿಗೆ ಅದು ಮೂರು ಬೇರೆ ಕೆಲಸ. ಮನೆಯಲ್ಲಿ ಉರ್ದುವೋ ತೆಲುಗೋ ಲಂಬಾಣಿಯೋ ಇದ್ದರೆ ಅದರದ್ದೇ ಮಾತು ಇರಲಿ. ಮಾತು ಅರ್ಥವಾಗದ ಮಗುವಿಗೆ ನಿಮ್ಮದೇ ಕಕ್ಕಸದ ಫೋಟೋ ತೋರಿಸಿ, ಇಲ್ಲವೇ ಒಂದು ಕೆಂಪು ಮಗ್ ಕೈಗೆ ಕೊಡಿ. ಪ್ರತಿ ಸಲ ಅದೇ ಮಗ್, ಬೇರೆ ಯಾವುದಕ್ಕೂ ಅದನ್ನು ಬಳಸಬಾರದು. ಕೆಲವು ವಾರವಾದ ಮೇಲೆ ಮಗುವೇ ಆ ಮಗ್ ಎತ್ತಿಕೊಂಡು ಬಂದು ನಿಮ್ಮ ಮುಂದೆ ನಿಲ್ಲಬಹುದು. ಅದು ಹೇಳಿದ ಹಾಗೆಯೇ. ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕ್ಷಣವೇ ಎದ್ದು ಹೋಗಿ.

"ಬರ್ತಿದೆಯಾ?" ಅಂತ ಕೇಳಬೇಡಿ. ಇಲ್ಲ ಅಂದರೆ ಏನು ಮಾಡುತ್ತೀರಿ? "ಈಗ ಕಕ್ಕಸ, ಆಮೇಲೆ ಜೋಕಾಲಿ" ಅನ್ನಿ, ಕರೆದೊಯ್ಯಿರಿ. ಮೊದಲ ದಿನಗಳಲ್ಲಿ ಅರ್ಧ ನಿಮಿಷ ಕೂತರೂ ಸಾಕು. ನಿಧಾನವಾಗಿ ಮೂರು, ಹೆಚ್ಚೆಂದರೆ ಐದು ನಿಮಿಷಕ್ಕೆ ತನ್ನಿ. ಆಗುವವರೆಗೂ ಏಳಬೇಡ ಅಂತ ಅರ್ಧ ಗಂಟೆ ಕೂರಿಸುವುದು ಶಿಕ್ಷೆ. ಆಗಲಿಲ್ಲವಾ, ಎಬ್ಬಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೂರಿಸಿ. ಎರಡಕ್ಕೆ ಕೂತಾಗ ಪೀಪಿ ಊದಿಸಿ, ಸೋಪಿನ ಗುಳ್ಳೆ ಊದಿಸಿ. ಊದುವಾಗ ಹೊಟ್ಟೆ ತಾನಾಗಿ ಒತ್ತುತ್ತದೆ.

ಒಂದು ಹನಿ ಬಿದ್ದರೂ ಅಲ್ಲೇ, ಆಗಲೇ ಮೆಚ್ಚುಗೆ. ಸಂಜೆ ಚಾಕ್ಲೇಟ್ ಕೊಡ್ತೀನಿ ಅಂದರೆ ಯಾವುದಕ್ಕೆ ಕೊಟ್ಟಿದ್ದು ಅಂತ ಮಗುವಿಗೆ ಗೊತ್ತಾಗುವುದಿಲ್ಲ. ಚಪ್ಪಾಳೆ, ಎತ್ತಿ ಗಿರಗಿರ ತಿರುಗಿಸುವುದು, ಇಷ್ಟದ ಹಾಡು, ಒಂದು ಚಿಟಿಕೆ ಖಾರ ಮಂಡಕ್ಕಿ, ನಿಮ್ಮ ಮಗುವಿಗೆ ಏನು ಇಷ್ಟವೋ ಅದು. ಆದರೆ ಅದು ಕಕ್ಕಸಕ್ಕೆ ಮಾತ್ರ ಮೀಸಲು. ಬೇರೆ ಹೊತ್ತಿನಲ್ಲಿ ಸಿಕ್ಕರೆ ಅದರ ಬೆಲೆ ಹೋಗುತ್ತದೆ. ಅಭ್ಯಾಸ ಗಟ್ಟಿಯಾದ ಮೇಲೆ ತಿಂಡಿ ಕಡಿಮೆ ಮಾಡುತ್ತಾ ಬನ್ನಿ, ಮಾತಿನ ಮೆಚ್ಚುಗೆ ಇರಲಿ.

ಹಗಲು ಡೈಪರ್ ಬೇಡ. ಎಲಾಸ್ಟಿಕ್ ಚಡ್ಡಿ ಹಾಕಿ. ಲಾಡಿ, ಜಿಪ್ಪು, ಬೆಲ್ಟು ಯಾವುದೂ ಬೇಡ. ರಾತ್ರಿಗೆ, ದೂರದ ಬಸ್ ಪ್ರಯಾಣಕ್ಕೆ ಡೈಪರ್ ಹಾಕಿದರೆ ತಪ್ಪೇನಿಲ್ಲ.

ಉಚ್ಚೆ ಕಲಿತರೂ ಎರಡಕ್ಕೆ ಮಾತ್ರ ಡೈಪರ್ರೇ ಬೇಕು ಅನ್ನುವ ಮಕ್ಕಳಿದ್ದಾರೆ, ಆಟಿಸಂನಲ್ಲಿ ಇದು ಜಾಸ್ತಿ. ಡೈಪರ್ ಕಿತ್ತುಕೊಂಡರೆ ನಾಲ್ಕು ದಿನ ತಡೆದು ಹೊಟ್ಟೆ ಕಟ್ಟಿಕೊಳ್ಳುತ್ತಾರೆ. ಜಗಳ ಬೇಡ. ಮೊದಲು ಡೈಪರ್ ಹಾಕಿಸಿ, ಆದರೆ ಬಚ್ಚಲಲ್ಲೇ ನಿಂತು ಮಾಡಲಿ. ಅದು ಒಗ್ಗಿದ ಮೇಲೆ ಡೈಪರ್ ಹಾಕಿಕೊಂಡೇ ಸೀಟಿನ ಮೇಲೆ ಕೂರಲಿ. ಆಮೇಲೆ ಡೈಪರಿನ ತಳದಲ್ಲಿ ಸಣ್ಣ ತೂತು ಕತ್ತರಿಸಿ. ತೂತು ದಿನದಿಂದ ದಿನಕ್ಕೆ ದೊಡ್ಡದಾಗಲಿ, ಕೊನೆಗೆ ಸೊಂಟದ ಪಟ್ಟಿ ಮಾತ್ರ ಉಳಿಯಲಿ. ವಾರಗಳೇ ಹಿಡಿಯಬಹುದು. ಆದರೂ ಬೇರೆ ದಾರಿಗಳಿಗಿಂತ ಇದನ್ನೇ ನಾನು ಮೊದಲು ಹೇಳುತ್ತೇನೆ.

ಚಡ್ಡಿಯಲ್ಲಾದಾಗ

ಆಗುತ್ತದೆ, ತುಂಬಾ ಸಲ ಆಗುತ್ತದೆ. ಬೈಯಬೇಡಿ, "ಬರೆ ಹಾಕ್ತೀನಿ" ಅಂತ ಹೆದರಿಸಬೇಡಿ, ಅಕ್ಕಪಕ್ಕದವರ ಮುಂದೆ ಹೇಳಿ ನಗಬೇಡಿ. "ಒದ್ದೆ ಆಯ್ತು, ಬಾ ಕಕ್ಕಸಕ್ಕೆ" ಅಷ್ಟೇ. ಕಕ್ಕಸಕ್ಕೆ ಕರೆದೊಯ್ದು ಕೂರಿಸಿ, ಉಳಿದದ್ದು ಅಲ್ಲಿ ಬೀಳಲಿ. ಬಟ್ಟೆಯನ್ನೂ ಅಲ್ಲೇ ಬದಲಿಸಿ, ನಡುಮನೆಯಲ್ಲಿ ಬೇಡ. ಕೆಲವು ಮಕ್ಕಳಿಗೆ ಬೈಗುಳವೂ ಇಷ್ಟ. ಅಮ್ಮ ಪೂರ್ತಿ ನನ್ನ ಕಡೆ ನೋಡಿದಳಲ್ಲ ಅಂತ! ಅದಕ್ಕೇ ತಪ್ಪಾದಾಗ ಮಾತು ಕಡಿಮೆ, ಸರಿಯಾದಾಗ ಮಾತು ಜಾಸ್ತಿ.

ಮಲವನ್ನು ಕೈಯಿಂದ ಮೆತ್ತುವ ಮಗು ಇದ್ದರೆ ಮೊದಲು ಮಲಬದ್ಧತೆ, ತುರಿಕೆ, ಹುಳು ಇದೆಯಾ ನೋಡಿಸಿ. ಕೆಲವರಿಗೆ ಆ ಮೆತ್ತಗಿನ ಸ್ಪರ್ಶವೇ ಬೇಕಾಗಿರುತ್ತದೆ. ಅವರ ಕೈಗೆ ದಿನಕ್ಕೆ ಎರಡು ಸಲ ಕಲಸಿದ ರಾಗಿ ಹಿಟ್ಟೋ ಜೇಡಿ ಮಣ್ಣೋ ಕೊಡಿ.

ತೊಳೆಯುವುದು, ಚಡ್ಡಿ ಏರಿಸುವುದು

ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸಿ. ಚಡ್ಡಿಯನ್ನು ನೀವು ಸೊಂಟದವರೆಗೆ ಏರಿಸಿ, ಕೊನೆಯ ಒಂದು ಎಳೆತ ಮಾತ್ರ ಮಗುವಿಗೆ ಬಿಡಿ. ಎಳೆಯಿತು, ಕೆಲಸ ಮುಗಿಯಿತು, ಮೆಚ್ಚುಗೆ ಸಿಕ್ಕಿತು. ಅದು ಬಂದ ಮೇಲೆ ತೊಡೆಯಿಂದ ಏರಿಸಲಿ, ಆಮೇಲೆ ಮೊಣಕಾಲಿನಿಂದ. ತೊಳೆಯುವಾಗ ಮಗುವಿನ ಎಡಗೈ ಮೇಲೆ ನಿಮ್ಮ ಕೈ ಇಟ್ಟು ಮಾಡಿಸಿ, ನಿಧಾನವಾಗಿ ನಿಮ್ಮ ಕೈ ಹಗುರ ಮಾಡಿ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದು ಶುರುವಿನಿಂದಲೇ ರೂಢಿಯಾಗಲಿ, ಇಲ್ಲದಿದ್ದರೆ ಉರಿಮೂತ್ರ ಬರಬಹುದು. ಸೋಪು ಹಚ್ಚಿ ಕೈ ತೊಳೆಯುವುದು ಕೊನೆಯದು. ಬಾಗಿಲು ಹಾಕಿಕೊಳ್ಳುವುದು, ಬಟ್ಟೆ ಸರಿ ಮಾಡಿಕೊಂಡೇ ಹೊರಬರುವುದು, ತೊಳೆಸಲು ಯಾರು ಬರಬಹುದು, ಯಾರು ಬರಬಾರದು ಎಂಬುದನ್ನೂ ಇದರ ಜೊತೆಗೇ ಕಲಿಸಿ.

ಶಾಲೆ, ಜಾತ್ರೆ

ಡೈಪರ್ ಇದೆ ಅಂತ ಶಾಲೆ ಸೇರಿಸಿಕೊಳ್ಳದೆ ಇದ್ದರೆ ಸುಮ್ನೆ ವಾಪಸ್ ಬರಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು. ತಾಲ್ಲೂಕಿನ ಬಿಇಒ ಕಚೇರಿ ಮಟ್ಟದಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕೇಳಿ. ಟೀಚರಿಗೆ ಒಂದು ಚೀಟಿ ಬರೆದುಕೊಡಿ: ಯಾವ ಹೊತ್ತಿಗೆ ಕಳಿಸಬೇಕು, ಮನೆಯಲ್ಲಿ ಬಳಸುವ ಮಾತು ಯಾವುದು, ಎಷ್ಟು ಸಹಾಯ ಬೇಕು. ಎರಡು ಜೊತೆ ಬಟ್ಟೆ ಚೀಲದಲ್ಲಿರಲಿ. ಶಾಲೆಯ ಕಕ್ಕಸಕ್ಕೆ ಬೀಗ ಇರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ನಾಯಕನಹಟ್ಟಿ ಜಾತ್ರೆಗೆ, ದುಗ್ಗಮ್ಮನ ಜಾತ್ರೆಗೆ, ನೆಂಟರ ಮನೆಗೆ ಹೋಗಿ ಬಂದ ಮೇಲೆ ಕಲಿತದ್ದು ಮರೆತಂತೆ ಕಾಣುವುದು ಮಾಮೂಲು. ಮೂರು ದಿನ ಮತ್ತೆ ಹಳೇ ಹೊತ್ತಿನ ಪಟ್ಟಿ ಹಿಡಿಯಿರಿ, ಸರಿಹೋಗುತ್ತದೆ. ಹೋಗುವಾಗ ಮಗುವಿನ ಮಗ್, ಸೀಟು ಜೊತೆಗಿರಲಿ.

ರಾತ್ರಿ, ಮತ್ತು ಸಹಾಯ ಎಲ್ಲಿ

ರಾತ್ರಿಯದ್ದು ಕೊನೆಗೆ. ಹಗಲು ಪೂರ್ತಿ ಕಲಿತ ಮಗುವೂ ರಾತ್ರಿ ವರ್ಷಗಟ್ಟಲೆ ಒದ್ದೆ ಮಾಡಿಕೊಳ್ಳಬಹುದು. ಮೈ ಬಲಿಯಬೇಕು, ಬೈದು ಉಪಯೋಗವಿಲ್ಲ. ಹಾಸಿಗೆ ಮೇಲೆ ರಬ್ಬರ್ ಶೀಟ್ ಹಾಕಿ, ಮಲಗುವ ಮುಂಚೆ ಒಂದಕ್ಕೆ ಮಾಡಿಸಿ, ಸಾಕು.

ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಥೆರಪಿಸ್ಟ್‌ಗಳು, ವಿಶೇಷ ಶಿಕ್ಷಕರು ಅಲ್ಲಿ ಸಿಗುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ ಎಲ್ಲಿದೆ ಅಂತ ಕೇಳಿ. ಹಳ್ಳಿಯವರು ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದರೆ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿನ ಕೆಲಸವೂ ಆಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ಹೋಗುವಾಗ ಆ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಹೋಗಿ. "ಯಾವಾಗಲೂ ಮಾಡ್ಕೊತಾನೆ" ಅನ್ನುವುದಕ್ಕಿಂತ ಆ ಗುರುತುಗಳು ಡಾಕ್ಟರಿಗೆ ಹೆಚ್ಚು ಹೇಳುತ್ತವೆ. ತಿಂಗಳುಗಟ್ಟಲೆ ಸರಿಯಾಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದರೆ, ಉಚ್ಚೆ ಮಾಡುವಾಗ ಅತ್ತರೆ, ವಿಪರೀತ ಬಾಯಾರಿಕೆ ಇದ್ದರೆ ತಡಮಾಡದೆ ತೋರಿಸಿ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಯಾವುದೂ ಇರಬಹುದು. ಯಾರನ್ನಾದರೂ ಕಂಡರೆ, ಯಾವುದಾದರೂ ಜಾಗಕ್ಕೆ ಹೋಗಲು ಹೊಸದಾಗಿ ಹೆದರುತ್ತಿದೆಯಾ ಅಂತಲೂ ಗಮನಿಸಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.